ನೋಟರಿ ಸೀಲು ಹಾಕಿಸುವ ಮುನ್ನ: ಮಂಗಳೂರು, ಉಡುಪಿಯವರಿಗೆ ಮಾರ್ಗದರ್ಶಿ

ನೋಟರಿ ಸೀಲಿನ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ಸೀಲು ಬಿದ್ದರೆ ಕಾಗದದಲ್ಲಿ ಬರೆದದ್ದೆಲ್ಲ ಕಾನೂನಾಗಿಬಿಡುತ್ತದೆ ಎನ್ನುವವರು ಕೆಲವರು. ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಎರಡು ನಿಮಿಷಕ್ಕೆ ಮುಗಿಸುವ ಶಾಸ್ತ್ರ ಎನ್ನುವವರು ಇನ್ನು ಕೆಲವರು. 1952ರ ನೋಟರಿ ಕಾಯ್ದೆಯಡಿ ನೇಮಕವಾದ ವಕೀಲರು ಹಾಕುವ ಆ ಸೀಲು ಮುಖ್ಯವಾಗಿ ಹೇಳುವುದು ಇಷ್ಟು: ಇಂಥ ತಾರೀಕಿನಂದು ಇಂಥವರು ನನ್ನೆದುರು ಬಂದರು, ಗುರುತು ತೋರಿಸಿದರು, ನನ್ನ ಮುಂದೆಯೇ ಸಹಿ ಹಾಕಿದರು. ಬರೆದ ಸಂಗತಿ ನಿಜವೇ ಸುಳ್ಳೇ ಎಂಬ ಹೊಣೆ ಸಹಿ ಮಾಡಿದವರದ್ದೇ. ಅಫಿಡವಿಟ್ಟಿನಲ್ಲಿ ಸುಳ್ಳು ಹೇಳಿದರೆ ಕೇಸು ಬೀಳುವುದು ನಿಮ್ಮ ಮೇಲೆ.

ಆದ್ದರಿಂದ ಒಳ್ಳೆಯ ನೋಟರಿ ಯಾರೆಂದು ಕೇಳಿದರೆ ಉತ್ತರ ಸುಲಭ. ನಿಮ್ಮನ್ನು ಎದುರು ಕೂರಿಸಿ, ಮುಖ ನೋಡಿ, ಗುರುತಿನ ಚೀಟಿ ಕೇಳಿ, ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಳ್ಳುವವರು. ‘ಆಧಾರ್ ವಾಟ್ಸಾಪ್ ಮಾಡಿ, ಸಂಜೆ ಬಂದು ತಗೊಂಡು ಹೋಗಿ’ ಎನ್ನುವವರು ಅಲ್ಲ. ನಾಳೆ ಯಾರಾದರೂ ಆ ಕಾಗದವನ್ನು ಪ್ರಶ್ನಿಸಿದರೆ ನೋಟರಿಯ ರಿಜಿಸ್ಟರು ತೆರೆಯಬೇಕಾಗುತ್ತದೆ. ಅದರಲ್ಲಿ ನಿಮ್ಮ ಸಹಿ ಇಲ್ಲದಿದ್ದರೆ ಕೈಯಲ್ಲಿರುವ ಸೀಲಿಗೆ ಆಧಾರವೇ ಇರುವುದಿಲ್ಲ.

ಮೊದಲ ಹೆಜ್ಜೆ: ನೋಟರಿ ಬೇಕೇ ಎಂದು ಕೇಳಿ

ಕಾಗದ ಕೇಳಿದ ಕಚೇರಿಗೇ ಫೋನ್ ಮಾಡಿ ಅಥವಾ ಹೋಗಿ ಮೂರು ಪ್ರಶ್ನೆ ಕೇಳಿ: ಸ್ವಯಂ ಘೋಷಣೆ ಸಾಕೇ, ನೋಟರಿ ಅಫಿಡವಿಟ್ಟೇ ಬೇಕೇ, ನಿಮ್ಮದೇ ನಮೂನೆ ಇದೆಯೇ? ಈ ಹೆಜ್ಜೆ ತಪ್ಪಿಸಿದವರೇ ಹೆಚ್ಚಾಗಿ ಎರಡು ಸಲ ದುಡ್ಡು ಕೊಡುವುದು.

ಪಾಸ್‌ಪೋರ್ಟಿನದ್ದೇ ನೋಡಿ. 2016ರ ಡಿಸೆಂಬರಿನಿಂದ ಅರ್ಜಿದಾರರು ಕೊಡುವ ಅನುಬಂಧಗಳೆಲ್ಲ ಬಿಳಿ ಹಾಳೆಯ ಮೇಲೆ ಸ್ವಯಂ ಘೋಷಣೆ ಆದರೆ ಸಾಕು, ನೋಟರಿ ಮುಂದೆ ಪ್ರಮಾಣ ಮಾಡಬೇಕಾಗಿಲ್ಲ. ಆದರೂ ಸೇವಾ ಕೇಂದ್ರಕ್ಕೆ ಹೊರಟವರಲ್ಲಿ ಈಗಲೂ ಬಾಂಡ್ ಪೇಪರ್ ಹಿಡಿದುಕೊಂಡು ಹೋಗುವವರಿದ್ದಾರೆ. ಏಜೆಂಟರು ಅದನ್ನು ಬೇಡ ಎನ್ನುವುದಿಲ್ಲ, ಎನ್ನಲು ಅವರಿಗೇನು ಕಾರಣ?

ವಂಶವೃಕ್ಷ, ಹೆಸರಿನ ವ್ಯತ್ಯಾಸ, ಹೆಸರು ಬದಲಾವಣೆ, ಬ್ಯಾಂಕಿನಲ್ಲಿ ತೀರಿಹೋದವರ ಖಾತೆಯ ಹಣ ಪಡೆಯುವುದು, ಓದಿನ ನಡುವೆ ವರ್ಷ ಬಿಟ್ಟ ವಿದ್ಯಾರ್ಥಿಯ ಗ್ಯಾಪ್ ಸರ್ಟಿಫಿಕೇಟ್, 11 ತಿಂಗಳ ಬಾಡಿಗೆ ಕರಾರು, ಮೂಲ ದಾಖಲೆಯ ನಕಲು ದೃಢೀಕರಣ ಇವೆಲ್ಲ ಸಾಮಾನ್ಯವಾಗಿ ನೋಟರಿಯ ಹತ್ತಿರ ಆಗುವ ಕೆಲಸಗಳು.

ಇನ್ನು ನೋಟರಿಯಿಂದ ಆಗದ ಕೆಲಸಗಳು. ಜಾಗ ಮಾರಾಟ ನೋಟರಿ ಕರಾರಿನಿಂದಾಗಲಿ ನೋಟರಿ ಜಿಪಿಎಯಿಂದಾಗಲಿ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ) ಆಗುವುದಿಲ್ಲ. ಜಿಪಿಎ ಮೂಲಕ ಮಾರಾಟ ಹಕ್ಕು ವರ್ಗಾವಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಟರಿ ಎದುರು ಮದುವೆಯೂ ಆಗುವುದಿಲ್ಲ, ವಿಚ್ಛೇದನವೂ ಆಗುವುದಿಲ್ಲ. ಮದುವೆ ಅಥವಾ ವಿಚ್ಛೇದನ ಪತ್ರ ಮಾಡಿಕೊಡಬಾರದೆಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರಿನಲ್ಲಿ ನೋಟರಿಗಳಿಗೆ ಲಿಖಿತ ಎಚ್ಚರಿಕೆ ಕೊಟ್ಟಿದೆ. ‘ನೋಟರಿ ಮದುವೆ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಬೇರೆ ಯಾವ ಕೆಲಸಕ್ಕೂ ಹೋಗಬೇಡಿ.

ಒಂದು ವರ್ಷ ಮೀರಿದ ಬಾಡಿಗೆ ಅಥವಾ ಲೀಸ್ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. 11 ತಿಂಗಳೆಂಬ ಲೆಕ್ಕ ಹುಟ್ಟಿದ್ದೇ ಅದರಿಂದ ತಪ್ಪಿಸಿಕೊಳ್ಳಲು.

ವಿಲ್ಲಿಗೆ, ಅಂದರೆ ಮರಣಶಾಸನಕ್ಕೆ, ಸ್ಟಾಂಪೂ ಬೇಡ, ನೋಟರಿಯೂ ಕಡ್ಡಾಯವಲ್ಲ. ಹಿಂದೂ, ಕ್ರೈಸ್ತರಿಗೆ ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ಹತ್ತು ಕಡೆ ನೋಟರಿ ಸೀಲು ಬಿದ್ದಿದ್ದರೂ ಇಬ್ಬರು ಸಾಕ್ಷಿಗಳ ಸಹಿ ಇಲ್ಲದಿದ್ದರೆ ಅವರ ವಿಲ್ಲು ನಿಲ್ಲುವುದಿಲ್ಲ. ಕ್ರೈಸ್ತ ಕುಟುಂಬದವರು ಇನ್ನೂ ಒಂದು ಗಮನಿಸಬೇಕು: ಸಾಕ್ಷಿ ಹಾಕಿದವರಿಗೋ ಅವರ ಗಂಡ ಅಥವಾ ಹೆಂಡತಿಗೋ ವಿಲ್ಲಿನಲ್ಲಿ ಏನಾದರೂ ಬರೆದಿದ್ದರೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಪಾಲು ಹೋಗುತ್ತದೆ. ಮನೆಯವರನ್ನೇ ಸಾಕ್ಷಿ ಮಾಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಎರಡನೇ ಹೆಜ್ಜೆ: ಸ್ಟಾಂಪ್ ಕಾಗದ

ಕರ್ನಾಟಕದಲ್ಲಿ ಹಳೆಯ ಮುದ್ರಿತ ಬಾಂಡ್ ಪೇಪರ್ ಹೋಗಿ ಇ-ಸ್ಟಾಂಪ್ ಬಂದು ವರ್ಷಗಳೇ ಆದವು. ನಮ್ಮೂರುಗಳಲ್ಲಿ ಹೆಚ್ಚಿನವರು ಇದನ್ನು ಪಡೆಯುತ್ತಾ ಬಂದದ್ದು ಸಹಕಾರಿ ಸೊಸೈಟಿಗಳ ಕೌಂಟರಿನಲ್ಲಿ. ಕೋರ್ಟು, ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಸುತ್ತ ಇಂಥ ಕೌಂಟರುಗಳು ಸಿಗುತ್ತವೆ.

ಕೌಂಟರಿನಲ್ಲಿ ಒಂದು ಚೀಟಿ ತುಂಬಿಸಲು ಕೊಡುತ್ತಾರೆ. ಅದರಲ್ಲಿ ಬರೆದದ್ದೇ ಸ್ಟಾಂಪಿನ ಮೇಲೆ ಮುದ್ರಣವಾಗುವುದು, ಆಮೇಲೆ ತಿದ್ದಲು ಬರುವುದಿಲ್ಲ. ಮೊದಲ ಪಕ್ಷದವರ ಜಾಗದಲ್ಲಿ ಅಫಿಡವಿಟ್ ಮಾಡುವವರ ಹೆಸರು ಬರಬೇಕು, ಸ್ಟಾಂಪ್ ತರಲು ಹೋದವರದ್ದಲ್ಲ. ಎರಡನೇ ಪಕ್ಷದವರ ಜಾಗದಲ್ಲಿ ಕಾಗದ ಯಾರಿಗೆ ಕೊಡುವುದೋ ಅವರು, ಉದಾಹರಣೆಗೆ ‘ತಹಶೀಲ್ದಾರರು, ಉಡುಪಿ ತಾಲೂಕು’. ಬಾಡಿಗೆ ಕರಾರಾದರೆ ಒಂದರಲ್ಲಿ ಮಾಲೀಕರು, ಇನ್ನೊಂದರಲ್ಲಿ ಬಾಡಿಗೆದಾರರು. ದಾಖಲೆಯ ಬಗೆ ಎಂಬಲ್ಲಿ ಅಫಿಡವಿಟ್, ಕರಾರು, ಪವರ್ ಆಫ್ ಅಟಾರ್ನಿ ಇವುಗಳಲ್ಲಿ ಯಾವುದೆಂದು ಸರಿಯಾಗಿ ಹೇಳಿ. ಅಫಿಡವಿಟ್ಟಿಗೆಂದು ತೆಗೆದ ಸ್ಟಾಂಪಿನ ಮೇಲೆ ಕರಾರು ಬರೆದರೆ ಬ್ಯಾಂಕಿನವರು ವಾಪಸು ಕಳಿಸುತ್ತಾರೆ.

2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕ 20 ರೂಪಾಯಿಯಿಂದ 100ಕ್ಕೆ ಏರಿದೆ. ಹಳೆಯ ನಮೂನೆಗಳಲ್ಲಿ, ಕಚೇರಿಗಳ ಗೋಡೆಗೆ ಅಂಟಿಸಿದ ಚೀಟಿಗಳಲ್ಲಿ ಇನ್ನೂ ‘20 ರೂ. ಛಾಪಾ ಕಾಗದ’ ಎಂದೇ ಇದ್ದರೆ ಅದನ್ನು ನಂಬಬೇಡಿ. ಬಾಡಿಗೆ ಕರಾರಿನ ಸ್ಟಾಂಪು ಬಾಡಿಗೆ, ಅಡ್ವಾನ್ಸು, ಅವಧಿ ನೋಡಿಕೊಂಡು ಲೆಕ್ಕವಾಗುತ್ತದೆ. ಎಲ್ಲದಕ್ಕೂ 100 ರೂಪಾಯಿಯದ್ದು ಸಾಕೆಂಬ ಮಾತು ತಪ್ಪು. ಶುಲ್ಕ ಕಡಿಮೆ ಬಿದ್ದ ಕರಾರನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಲು ಹೋದರೆ ಕೊರತೆಯ ಮೊತ್ತ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿ ಎನ್ನುತ್ತಾರೆ. ನೋಟರಿ ಸೀಲು ಆ ಕೊರತೆಯನ್ನು ತುಂಬುವುದಿಲ್ಲ.

ಸ್ಟಾಂಪ್ ಕೈಗೆ ಬಂದ ಕೂಡಲೇ ಕೌಂಟರಿನಿಂದ ಆಚೆ ಹೋಗುವ ಮುನ್ನ ಹೆಸರಿನ ಅಕ್ಷರ, ದಾಖಲೆಯ ಬಗೆ, ಮೊತ್ತ ನೋಡಿ. ಸ್ಟಾಂಪಿನ ಮೇಲಿರುವ ಪ್ರಮಾಣಪತ್ರದ ಸಂಖ್ಯೆ ಹಾಕಿ ಇ-ಸ್ಟಾಂಪ್ ಜಾಲತಾಣದಲ್ಲಿ ಅದು ಅಸಲಿಯೇ ಎಂದು ಪರಿಶೀಲಿಸಬಹುದು. ಬೇರೆಯವರು ತಂದುಕೊಟ್ಟ ಸ್ಟಾಂಪಾದರೆ ಪರಿಶೀಲಿಸಲೇಬೇಕು. ಸ್ಟಾಂಪಿನ ಮೇಲೆ ತಾರೀಕಿನ ಜೊತೆ ಗಂಟೆ, ನಿಮಿಷವೂ ಇರುತ್ತದೆ. ನೋಟರಿ ಸಹಿಯ ತಾರೀಕು ಅದಕ್ಕಿಂತ ಹಿಂದಿನದ್ದಾಗಿದ್ದರೆ ಕಾಗದ ಅಲ್ಲಿಗೇ ಸತ್ತಂತೆ. ‘ಹಿಂದಿನ ತಾರೀಕು ಹಾಕಿಕೊಡಿ’ ಎಂದು ಕೇಳುವವರು ಇದನ್ನು ಯೋಚಿಸಿರುವುದಿಲ್ಲ.

ತಲಪಾಡಿ ಗಡಿಯವರಿಗೆ ಒಂದು ಮಾತು. ಕಾಸರಗೋಡಿನಲ್ಲಿ ಮಾಡಿಸಿದ ನೋಟರಿ ಕಾಗದ ಇಲ್ಲಿಯೂ ನಡೆಯುತ್ತದೆ. ಆದರೆ ಕೇರಳದ ಸ್ಟಾಂಪಿನ ಮೇಲೆ ಬರೆದ ದಾಖಲೆಯನ್ನು ಕರ್ನಾಟಕದ ಆಸ್ತಿಗೆ ಬಳಸುವುದಾದರೆ ಇಲ್ಲಿನ ದರಕ್ಕೂ ಅಲ್ಲಿನ ದರಕ್ಕೂ ಇರುವ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಮೂರನೇ ಹೆಜ್ಜೆ: ಬರವಣಿಗೆ, ಅದರಲ್ಲೂ ಹೆಸರು

ಕರಾವಳಿಯಲ್ಲಿ ನೋಟರಿಯ ಮೇಜಿಗೆ ಬರುವ ಅಫಿಡವಿಟ್ಟುಗಳಲ್ಲಿ ಹೆಸರಿನ ತಕರಾರಿನವು ಬಹಳ. ಹಳೆಯ ಪಹಣಿಯಲ್ಲಿ, ಶಾಲೆಯ ದಾಖಲೆಯಲ್ಲಿ ‘ಶೆಡ್ತಿ’, ‘ಪೂಜಾರ್ತಿ’ ಎಂದಿದ್ದ ಹೆಂಗಸರು ಆಧಾರ್‌ನಲ್ಲಿ ‘ಶೆಟ್ಟಿ’, ‘ಪೂಜಾರಿ’ ಆಗಿದ್ದಾರೆ. ‘ಡಿಸೋಜ’ ಎಂಬ ಒಂದೇ ಕುಲನಾಮ ಇಂಗ್ಲಿಷ್ ದಾಖಲೆಗಳಲ್ಲಿ ಒಂದು ಕಡೆ ಮೇಲುಚುಕ್ಕೆ ಹಾಕಿ, ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಕೂಡಿಸಿ ಬರೆದಿರುತ್ತದೆ. ಮೊಹಮ್ಮದ್ ಎಂಬುದು ಮಹಮ್ಮದ್, ಮುಹಮ್ಮದ್, ಬರೀ ‘ಎಂ.ಡಿ.’ ಕೂಡ ಆಗಿರುತ್ತದೆ. ಮದುವೆಯಾದ ಮೇಲೆ ಅಪ್ಪನ ಹೆಸರಿನ ಜಾಗಕ್ಕೆ ಗಂಡನ ಹೆಸರು ಬಂದದ್ದು, ಇನಿಶಿಯಲ್ ಹಿಂದೆ ಇದ್ದದ್ದು ಮುಂದಾದದ್ದು ಇವೆಲ್ಲ ಬೇರೆ.

ಇದಕ್ಕೆ ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಮಾಡಿಸುತ್ತಾರೆ. ಡಿಟಿಪಿ ಅಂಗಡಿಯ ಹಳೇ ಫೈಲಿನಲ್ಲಿ ‘ನನ್ನ ಹೆಸರು ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆಯಾಗಿರುತ್ತದೆ’ ಎಂಬ ಒಂದು ಸಾಲಿರುತ್ತದೆ. ಅದಷ್ಟರಿಂದ ಏನೂ ಪ್ರಯೋಜನವಿಲ್ಲ. ಸರಿಯಾದ ಸಾಲು ಹೀಗಿರಬೇಕು:

‘ಮೂಡುಬೆಟ್ಟು ಗ್ರಾಮದ ಸರ್ವೆ ನಂಬ್ರ ಇಷ್ಟರ ಪಹಣಿಯಲ್ಲಿ ಅಕ್ಕಮ್ಮ ಶೆಡ್ತಿ ಎಂದೂ, ಇಂಥ ಸಂಖ್ಯೆಯ ಚುನಾವಣಾ ಗುರುತಿನ ಚೀಟಿಯಲ್ಲಿ ಅಕ್ಕು ಶೆಟ್ಟಿ ಎಂದೂ, ಕೊನೆಯ ನಾಲ್ಕು ಅಂಕಿ ಇಷ್ಟಿರುವ ಆಧಾರ್‌ನಲ್ಲಿ ಅಕ್ಕಮ್ಮ ಶೆಟ್ಟಿ ಎಂದೂ ನಮೂದಾಗಿರುವ ವ್ಯಕ್ತಿ ನಾನೊಬ್ಬಳೇ. ಮುಂದಕ್ಕೆ ನನ್ನ ಹೆಸರನ್ನು ಅಕ್ಕಮ್ಮ ಶೆಟ್ಟಿ ಎಂದು ಪರಿಗಣಿಸತಕ್ಕದ್ದು.’

ಪ್ರತಿ ಹೆಸರಿನ ಪಕ್ಕದಲ್ಲೂ ಅದು ಯಾವ ದಾಖಲೆಯಲ್ಲಿದೆ, ಅದರ ಸಂಖ್ಯೆ ಏನು ಎಂಬುದು ಬರಬೇಕು. ಹೆಸರನ್ನು ಆ ದಾಖಲೆಯಲ್ಲಿ ಇದ್ದ ಹಾಗೇ ಇಳಿಸಬೇಕು, ತಪ್ಪು ಕಾಗುಣಿತವಿದ್ದರೆ ತಪ್ಪಾಗಿಯೇ. ಬೆರಳಚ್ಚಿನವರು ತಾವೇ ‘ಸರಿ’ ಮಾಡಿಬಿಟ್ಟರೆ ಅಫಿಡವಿಟ್ ಮಾಡಿಸಿದ ಉದ್ದೇಶವೇ ಹಾಳು. ಇಂಗ್ಲಿಷ್ ದಾಖಲೆಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಳಿಸುವುದು ಕ್ಷೇಮ.

ಈ ಅಫಿಡವಿಟ್ಟಿನಿಂದ ಮೂಲ ದಾಖಲೆ ತಿದ್ದಿದಂತೆ ಆಗುವುದಿಲ್ಲ. ಬ್ಯಾಂಕು, ಕಂದಾಯ ಕಚೇರಿ ಇದನ್ನು ತಾತ್ಕಾಲಿಕ ಸೇತುವೆಯಾಗಿ ಒಪ್ಪಬಹುದು. ಶಾಲೆಯ ಅಂಕಪಟ್ಟಿ, ಜನನ ಪ್ರಮಾಣಪತ್ರ ತಿದ್ದಬೇಕಾದರೆ ಅದನ್ನು ಕೊಟ್ಟ ಕಚೇರಿಗೇ ಅರ್ಜಿ ಹಾಕಬೇಕು. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಮೂಲವನ್ನೇ ತಿದ್ದಿಸಿ. ಅಫಿಡವಿಟ್ಟಿನ ಮೇಲೆ ಅಫಿಡವಿಟ್ ಪೇರಿಸಿ ವೀಸಾ ಕೌಂಟರಿಗೆ ಹೋದವರ ಪಾಡು ಚೆನ್ನಾಗಿರುವುದಿಲ್ಲ.

ಭಾಷೆ ನಿಮಗೆ ಓದಲು ಬರುವುದೇ ಆಗಿರಲಿ. ತಹಶೀಲ್ದಾರರಿಗೆ, ಪಂಚಾಯತಿಗೆ ಕನ್ನಡದ ಅಫಿಡವಿಟ್ ನಡೆಯುತ್ತದೆ, ಇಂಗ್ಲಿಷ್ ಬೇಕೆಂದೇನೂ ಇಲ್ಲ. ಓದು ಬಾರದ ಹಿರಿಯರಾದರೆ ‘ಇದನ್ನು ಇವರಿಗೆ ತುಳುವಿನಲ್ಲಿ ಓದಿ ಹೇಳಲಾಗಿದೆ, ಅವರು ಅರ್ಥ ಮಾಡಿಕೊಂಡು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾರೆ’ ಎಂಬ ಸಾಲು ಕೊನೆಗೆ ಬರಲೇಬೇಕು. ಕೊಂಕಣಿಯೋ ಬ್ಯಾರಿಯೋ, ಓದಿ ಹೇಳಿದ ಭಾಷೆ ಯಾವುದೋ ಅದನ್ನೇ ಬರೆಸಿ. ಓದಿ ಹೇಳಿದವರ ಹೆಸರು, ಸಹಿಯೂ ಇರಲಿ. ಆಸ್ತಿ ವ್ಯಾಜ್ಯದಲ್ಲಿ ‘ಅಜ್ಜಿಗೆ ಏನೂ ಗೊತ್ತಿರಲಿಲ್ಲ’ ಎಂಬ ವಾದ ಹುಟ್ಟುವುದೇ ಈ ಒಂದು ಸಾಲು ಬಿಟ್ಟುಹೋದಾಗ.

ಅಚ್ಚು ಹಾಕಿಸುವಾಗ ಇಂಕ್‌ಜೆಟ್ ಬೇಡ, ಲೇಸರ್ ಪ್ರಿಂಟ್ ಇರಲಿ. ನಮ್ಮ ಮಳೆಗಾಲದಲ್ಲಿ ಇಂಕ್‌ಜೆಟ್ ಅಕ್ಷರ ಒಂದು ಹನಿಗೆ ಹರಡುತ್ತದೆ. ಹರಡಿದ ಹೆಸರನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ.

ನಾಲ್ಕನೇ ಹೆಜ್ಜೆ: ನೋಟರಿಯನ್ನು ಆರಿಸುವುದು

ಮಂಗಳೂರಿನಲ್ಲಿ ಜಿಲ್ಲಾ ನ್ಯಾಯಾಲಯದ ಸುತ್ತ, ಹಂಪನಕಟ್ಟೆಯ ಮಿನಿ ವಿಧಾನಸೌಧದ ಆಸುಪಾಸು. ಉಡುಪಿಯಲ್ಲಿ ಕೋರ್ಟಿನ ಹತ್ತಿರ, ಬನ್ನಂಜೆಯ ಕಡೆ. ತಾಲೂಕು ಕೇಂದ್ರಗಳಲ್ಲಿ ಕೋರ್ಟಿನ ಅಕ್ಕಪಕ್ಕ ನೋಟರಿಗಳ ಬೋರ್ಡು ಕಾಣುತ್ತದೆ. ಬೋರ್ಡಿಗೆ ಬರವಿಲ್ಲ. ಅವರಲ್ಲಿ ಯಾರ ಹತ್ತಿರ ಹೋಗುವುದೆಂದು ತೀರ್ಮಾನಿಸಲು ನೋಡಬೇಕಾದದ್ದು ಇವು.

ನೇಮಕ ಯಾರದ್ದು, ವ್ಯಾಪ್ತಿ ಎಲ್ಲಿಯದ್ದು? ನೋಟರಿಗಳನ್ನು ಕೇಂದ್ರ ಸರಕಾರವೂ ರಾಜ್ಯ ಸರಕಾರವೂ ನೇಮಿಸುತ್ತವೆ. ಸೀಲಿನ ಬೆಲೆಯಲ್ಲಿ ಇಬ್ಬರಿಗೂ ಭೇದವಿಲ್ಲ. ಪ್ರತಿಯೊಬ್ಬರಿಗೂ ಇಂಥ ಜಿಲ್ಲೆ, ಇಂಥ ತಾಲೂಕು ಎಂದು ವ್ಯಾಪ್ತಿ ಗೊತ್ತುಮಾಡಿರುತ್ತಾರೆ. ಅವರು ಆ ವ್ಯಾಪ್ತಿಯೊಳಗೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಹೊರಗೆ ಮಾಡುವಂತಿಲ್ಲ. ನಿಮ್ಮ ಮನೆ ಎಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹೆಜಮಾಡಿಯವರು ಮೂಲ್ಕಿಗೆ ಹೋಗಿ ದಕ್ಷಿಣ ಕನ್ನಡದ ನೋಟರಿಯ ಹತ್ತಿರ ಮಾಡಿಸಿದರೆ ಯಾವ ದೋಷವೂ ಇಲ್ಲ. ಅದೇ ನೋಟರಿ ಹೊಳೆ ದಾಟಿ ಹೆಜಮಾಡಿಯ ನಿಮ್ಮ ಮನೆ ಚಾವಡಿಯಲ್ಲಿ ಕೂತು ಸೀಲು ಹಾಕಿದರೆ ಅದು ಉಡುಪಿ ಜಿಲ್ಲೆ, ಅವರ ವ್ಯಾಪ್ತಿಯ ಹೊರಗೆ. ಹಾಸಿಗೆ ಹಿಡಿದ ಹಿರಿಯರಿಗೆಂದು ನೋಟರಿಯನ್ನು ಮನೆಗೆ ಕರೆಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಅವಧಿ ಮುಗಿದಿಲ್ಲ ತಾನೇ? ನೋಟರಿಯ ಪ್ರಮಾಣಪತ್ರ ಐದು ವರ್ಷಕ್ಕೆ. ಆಮೇಲೆ ನವೀಕರಣ ಆಗಬೇಕು. ಅನೇಕರ ರಬ್ಬರ್ ಸ್ಟಾಂಪಿನಲ್ಲೇ ಅವಧಿ ಮುಗಿಯುವ ತಾರೀಕು ಇರುತ್ತದೆ. ಇಲ್ಲದಿದ್ದರೆ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ. ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ ಎಂಬ ಉತ್ತರ ಬಂದರೆ ಬೇರೆಯವರ ಹತ್ತಿರ ಹೋಗಿ. ಸಂದೇಹವಿದ್ದರೆ ಕೇಂದ್ರದ ನೋಟರಿಗಳ ಹೆಸರನ್ನು ಕೇಂದ್ರ ಕಾನೂನು ಸಚಿವಾಲಯದ ನೋಟರಿ ಜಾಲತಾಣದಲ್ಲಿ ಹುಡುಕಬಹುದು. ರಾಜ್ಯದವರದ್ದಾದರೆ ರಾಜ್ಯ ಕಾನೂನು ಇಲಾಖೆಯಲ್ಲಿ ವಿಚಾರಿಸಬಹುದು. ನೋಟರಿಗಳ ಪಟ್ಟಿಯನ್ನು ಪ್ರತಿ ವರ್ಷ ಜನವರಿಯಲ್ಲಿ ಗೆಜೆಟ್ಟಿನಲ್ಲಿ ಪ್ರಕಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ.

ಸೀಲು ಹೇಗಿದೆ? ನಿಯಮದ ಪ್ರಕಾರ ದುಂಡಗಿನ ಸೀಲು, ವ್ಯಾಸ 5 ಸೆಂಟಿಮೀಟರ್. ಅದರಲ್ಲಿ ನೋಟರಿಯ ಹೆಸರು, ವ್ಯಾಪ್ತಿ, ನೋಂದಣಿ ಸಂಖ್ಯೆ, ನೇಮಿಸಿದ ಸರಕಾರದ ಹೆಸರು, ‘ನೋಟರಿ’ ಎಂಬ ಪದ ಇವಿಷ್ಟೂ ಇರಬೇಕು. ಹೆಸರು ಓದಲಾಗದಷ್ಟು ಸವೆದ ಸೀಲು ಮಂಗಳೂರಿನ ಬ್ಯಾಂಕಿನಲ್ಲಿ ದಾಟಿಹೋಗಬಹುದು, ರಾಯಭಾರ ಕಚೇರಿಯ ಕೌಂಟರಿನಲ್ಲಿ ದಾಟುವುದಿಲ್ಲ.

ಶುಲ್ಕದ ಪಟ್ಟಿ ತೂಗುಹಾಕಿದ್ದಾರೆಯೇ, ರಶೀದಿ ಕೊಡುತ್ತಾರೆಯೇ? ನೋಟರಿಯ ಶುಲ್ಕ ಅವರವರ ಇಷ್ಟಕ್ಕೆ ಬಿಟ್ಟದ್ದಲ್ಲ. 1956ರ ನೋಟರಿ ನಿಯಮಗಳಲ್ಲಿ ದರ ಗೊತ್ತುಮಾಡಿದೆ. ಕಾಣುವ ಹಾಗೆ ಪಟ್ಟಿ ಹಾಕಬೇಕು, ಕೇಳಲಿ ಬಿಡಲಿ ರಶೀದಿ ಕೊಡಬೇಕು. ಜನರಿಗೆ ಗೊಂದಲವಾಗುವುದು ಎಲ್ಲವನ್ನೂ ಒಟ್ಟು ಮಾಡಿ ಒಂದೇ ಮೊತ್ತ ಹೇಳುವುದರಿಂದ. ಇ-ಸ್ಟಾಂಪಿಗೆ ಎಷ್ಟು, ಬೆರಳಚ್ಚಿಗೆ ಎಷ್ಟು, ನೋಟರಿಯ ಶುಲ್ಕ ಎಷ್ಟು, ಅಂಟಿಸುವ ನೋಟರಿ ಸ್ಟಾಂಪಿಗೆ ಎಷ್ಟು ಎಂದು ಬಿಡಿಸಿ ಕೇಳಿ. ಬರೆದುಕೊಡುವ ಕೆಲಸಕ್ಕೆ, ಸಲಹೆಗೆ ವಕೀಲರು ಬೇರೆ ಫೀಸು ತೆಗೆದುಕೊಳ್ಳುವುದು ನ್ಯಾಯವೇ. ಅದನ್ನು ನೋಟರಿ ಶುಲ್ಕದ ಹೆಸರಿನಲ್ಲಿ ಸೇರಿಸುವುದು ನ್ಯಾಯವಲ್ಲ.

ನಿಮ್ಮ ಕೇಸು ನಡೆಸುವ ವಕೀಲರೇ ನೋಟರಿಯೂ ಆಗಿದ್ದರೆ ಆ ಕೇಸಿನ ಅಫಿಡವಿಟ್ಟಿಗೆ ಅವರ ಸೀಲು ಹಾಕಿಸಬೇಡಿ. ಎದುರು ಪಕ್ಷದವರಿಗೆ ನೀವೇ ಮಾತಿಗೆ ದಾರಿ ಮಾಡಿಕೊಟ್ಟಂತೆ.

ಹೋಗುವ ಹೊತ್ತನ್ನೂ ಯೋಚಿಸಿ. ಹತ್ತು ವರ್ಷ ವಕೀಲಿಕೆ ಮಾಡಿದವರೇ ಸಾಮಾನ್ಯವಾಗಿ ನೋಟರಿ ಆಗುವುದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಏಳು ವರ್ಷ ಸಾಕು. ಹಾಗಾಗಿ ಬೆಳಗಿನ ಹೊತ್ತು ಹೆಚ್ಚಿನವರು ಕೋರ್ಟಿನ ಒಳಗಿರುತ್ತಾರೆ, ಆಫೀಸಿನಲ್ಲಿ ಗುಮಾಸ್ತರು ಮಾತ್ರ. ಗುಮಾಸ್ತರೇ ಸೀಲು ಒತ್ತಿ ಕೊಡುವ ಪದ್ಧತಿ ಬೆಳೆದಿರುವುದು ಈ ಹೊತ್ತಿನಲ್ಲೇ. ಕೋರ್ಟು ಶುರುವಾಗುವ ಮುಂಚೆಯೋ ಸಂಜೆಯೋ ಫೋನ್ ಮಾಡಿಕೊಂಡು ಹೋಗಿ.

ಐದನೇ ಹೆಜ್ಜೆ: ಮೇಜಿನ ಎದುರು

ಸಹಿ ಹಾಕಿಕೊಂಡು ಹೋಗಬೇಡಿ. ಮನೆಯಲ್ಲೇ ಸಹಿ ಮಾಡಿ ತಂದ ಕಾಗದವನ್ನು ಎಚ್ಚರದ ನೋಟರಿ ವಾಪಸು ಕೊಡುತ್ತಾರೆ, ಕೊಡಬೇಕಾದದ್ದೂ ಹಾಗೆಯೇ. ಕರಾರಾದರೆ ಎರಡೂ ಪಕ್ಷದವರು, ಸಾಕ್ಷಿಗಳು ಒಟ್ಟಿಗೆ ಹೋಗಬೇಕು. ‘ಅವರ ಸಹಿ ನಾಳೆ ತರುತ್ತೇನೆ’ ಎಂಬ ಏರ್ಪಾಡಿಗೆ ಒಪ್ಪುವ ನೋಟರಿ ನಿಮಗೆ ಅನುಕೂಲ ಮಾಡಿಕೊಡುತ್ತಿಲ್ಲ.

ಗುರುತಿಗೆ ಮೂಲ ಕಾರ್ಡು ಒಯ್ಯಿರಿ. ನಕಲು ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಅದನ್ನು ಆಧಾರ್ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ನಕಲಿನ ಮೇಲೆ ‘ಇಂಥ ಅಫಿಡವಿಟ್ಟಿಗಾಗಿ ಮಾತ್ರ’ ಎಂದು ಬರೆದು ತಾರೀಕು ಹಾಕಿ. ನೋಟರಿಗೆ ನಿಮ್ಮ ಪರಿಚಯವಿಲ್ಲದಿದ್ದರೆ ಒಬ್ಬ ವಕೀಲರು ‘ಇವರನ್ನು ನಾನು ಗುರುತಿಸುತ್ತೇನೆ’ ಎಂದು ಸಹಿ ಹಾಕುವ ರೂಢಿ ಇದೆ. ಆ ವಕೀಲರಿಗೂ ನಿಮ್ಮ ಪರಿಚಯ ಇರಲಿ.

ಸಹಿ ಪ್ರತಿ ಪುಟಕ್ಕೂ. ಖಾಲಿ ಬಿಟ್ಟ ಜಾಗ, ತುಂಬಿಸದ ಚುಕ್ಕೆ ಸಾಲು ಒಂದೂ ಉಳಿಯಬಾರದು. ಉಳಿದರೆ ಅಡ್ಡಗೆರೆ ಎಳೆಯಿರಿ. ಕೈಯಿಂದ ತಿದ್ದಿದ ಕಡೆಯಲ್ಲೆಲ್ಲ ನಿಮ್ಮ ಚುಟುಕು ಸಹಿಯೂ ನೋಟರಿಯ ಸಹಿಯೂ ಬೇಕು. ಇ-ಸ್ಟಾಂಪ್ ಮೊದಲ ಹಾಳೆ, ಮುಂದಿನದ್ದು ಬಿಳಿ ಹಾಳೆ ಎಂದಾದರೆ ಮೊದಲ ಹಾಳೆಯಲ್ಲೇ ಬರಹ ಶುರುವಾಗಲಿ. ಬರಿದಾದ ಇ-ಸ್ಟಾಂಪನ್ನು ಪ್ರತ್ಯೇಕ ಅಫಿಡವಿಟ್ಟಿಗೆ ಪಿನ್ ಹೊಡೆದರೆ ಆ ಸ್ಟಾಂಪು ಇದೇ ಕಾಗದದ್ದು ಎಂದು ತೋರಿಸಲು ಏನೂ ಇರುವುದಿಲ್ಲ.

ಆಮೇಲೆ ರಿಜಿಸ್ಟರು. ಕ್ರಮಸಂಖ್ಯೆ, ತಾರೀಕು, ದಾಖಲೆಯ ಬಗೆ, ನಿಮ್ಮ ಹೆಸರು ವಿಳಾಸ, ತೆಗೆದುಕೊಂಡ ಶುಲ್ಕ, ರಶೀದಿ ಸಂಖ್ಯೆ, ಕೊನೆಗೆ ನಿಮ್ಮ ಸಹಿ. ಅಲ್ಲಿ ಬಿದ್ದ ಕ್ರಮಸಂಖ್ಯೆಯೇ ನಿಮ್ಮ ಕಾಗದದ ಮೇಲೂ ಬರಬೇಕು. ಎರಡನ್ನೂ ಕಣ್ಣಾರೆ ನೋಡಿ ಹೊಂದಿಸಿಕೊಳ್ಳಿ. ರಿಜಿಸ್ಟರು ಮೇಜಿನ ಮೇಲೆ ಬಾರದೇ ಹೋದರೆ ‘ಸರ್, ರಿಜಿಸ್ಟರಿನಲ್ಲಿ ಸಹಿ ಮಾಡಬೇಕಲ್ವಾ?’ ಎಂದು ಕೇಳಿ. ಇಷ್ಟು ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಸೀಲು ನಿಮಗೆ ಬೇಡ.

ನಕಲು ದೃಢೀಕರಣಕ್ಕೆ ಹೋದವರು ಮೂಲ ದಾಖಲೆ ತೋರಿಸಬೇಕು. ಫೋನಿನಲ್ಲಿರುವ ಫೋಟೋ ಮೂಲವಲ್ಲ. ಮತ್ತೆ, ನೋಟರಿ ದೃಢೀಕರಿಸಿದ ನಕಲು ಬೇರೆ, ಸಬ್ ರಿಜಿಸ್ಟ್ರಾರ್ ಕಚೇರಿ ತನ್ನ ದಾಖಲೆಯಿಂದ ಕೊಡುವ ದೃಢೀಕೃತ ನಕಲು ಬೇರೆ. ಕೋರ್ಟಿನವರು ಎರಡನೆಯದನ್ನು ಕೇಳಿದಾಗ ಮೊದಲನೆಯದನ್ನು ಒಯ್ದರೆ ಇನ್ನೊಂದು ತಾರೀಕು ಬೀಳುತ್ತದೆ.

ಗಲ್ಫಿನಲ್ಲಿರುವವರ ಕಾಗದ

ದುಬೈಯಲ್ಲಿರುವ ಅಣ್ಣ ಊರಿನ ಜಾಗದ ವ್ಯವಹಾರಕ್ಕೆ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡುವುದು ಇಲ್ಲಿ ದಿನನಿತ್ಯದ ಸಂಗತಿ. ತಪ್ಪು ಆಗುವುದು ಕ್ರಮದಲ್ಲಿ. ಅಣ್ಣ ಎದುರು ಬಂದು ಸಹಿ ಮಾಡದೆ ಕಾಗದ ಮಾತ್ರ ಮಂಗಳೂರಿನಲ್ಲಿ ನೋಟರಿ ಆಗುವಂತಿಲ್ಲ. ಸಹಿ ಮಾಡಿದವರು ದುಬೈಯಲ್ಲಿ, ಸೀಲು ಹಂಪನಕಟ್ಟೆಯಲ್ಲಿ ಎಂದಾದರೆ ಪಾಸ್‌ಪೋರ್ಟಿನ ಮೊಹರೇ ಅದನ್ನು ಸುಳ್ಳು ಮಾಡುತ್ತದೆ.

ಸರಿಯಾದ ಕ್ರಮ: ಕರಡನ್ನು ಇಲ್ಲಿನ ವಕೀಲರಿಂದ ಬರೆಸಿ ಅಲ್ಲಿಗೆ ಕಳಿಸುವುದು, ಅಣ್ಣ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಎದುರು ಸಹಿ ಹಾಕುವುದು, ಮೂಲ ಪ್ರತಿಯನ್ನು ಊರಿಗೆ ಕಳಿಸುವುದು. ಕಾಗದ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಆ ಮೂರು ತಿಂಗಳು ಲೆಕ್ಕ ಹಾಕುವುದು ಬಂದ ದಿನದಿಂದ, ಸಹಿಯ ದಿನದಿಂದಲ್ಲ. ಕೊರಿಯರಿನ ಲಕೋಟೆ ಎಸೆಯಬೇಡಿ, ತಾರೀಕಿಗೆ ಅದೇ ಸಾಕ್ಷಿ. ಜಾಗ ಮಾರುವ ಅಧಿಕಾರವನ್ನು ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ಬಿಟ್ಟು ಹೊರಗಿನವರಿಗೆ ಕೊಟ್ಟರೆ ಶುಲ್ಕ ಕ್ರಯಪತ್ರದ ಲೆಕ್ಕದಲ್ಲೇ ಬೀಳುತ್ತದೆ.

ಅಣ್ಣ ರಜೆಗೆ ಊರಿಗೆ ಬಂದಿದ್ದರೆ ಇಷ್ಟೆಲ್ಲ ಬೇಡ. ಹೋಗುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಪವರ್ ಆಫ್ ಅಟಾರ್ನಿ ಮಾಡಿಸಿಬಿಡಿ. ಭಾರತದಲ್ಲಿ ವಾಸವಾಗಿರುವವರ ಪರವಾಗಿ ದಸ್ತಾವೇಜು ನೋಂದಣಿಗೆ ಹಾಜರುಪಡಿಸಬೇಕಾದರೆ ರಿಜಿಸ್ಟ್ರಾರ್ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯೇ ಬೇಕು. ಬರೀ ನೋಟರಿಯದ್ದನ್ನು ಅಲ್ಲಿ ಒಪ್ಪುವುದಿಲ್ಲ.

ಇಲ್ಲಿಂದ ಅಲ್ಲಿಗೆ ಹೋಗುವ ಕಾಗದಕ್ಕೆ ನೋಟರಿ ಸೀಲು ಮೊದಲ ಮೆಟ್ಟಿಲು ಮಾತ್ರ. ಸಾಮಾನ್ಯವಾಗಿ ಅದರ ಮೇಲೆ ರಾಜ್ಯ ಸರಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಒಮಾನ್, ಬಹರೈನ್, ಸೌದಿ ಅಪೊಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ಒಂದು ದೇಶ ಹಾಕಿದ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆಯನ್ನು ಒಪ್ಪಂದದ ಇತರ ದೇಶಗಳೂ ಒಪ್ಪುತ್ತವೆ. ಯುಎಇ, ಕುವೈತ್, ಕತಾರ್‌ಗಳಿಗೆ ರಾಯಭಾರ ಕಚೇರಿಯ ದೃಢೀಕರಣವನ್ನೇ ಕೇಳುವ ರೂಢಿ. ಸಚಿವಾಲಯದ ಅಪೊಸ್ಟಿಲ್ ಶುಲ್ಕ ದಾಖಲೆಗೆ 50 ರೂಪಾಯಿ, ಅದರ ಮೇಲೆ ಸೇವಾ ಸಂಸ್ಥೆಯವರ ಚಾರ್ಜು. ಇಷ್ಟಕ್ಕೆ ಏಜೆಂಟರು ಸಾವಿರಗಟ್ಟಲೆ ಹೇಳಿದರೆ ಯಾವುದಕ್ಕೆ ಎಷ್ಟೆಂದು ಬರೆಸಿಕೊಳ್ಳಿ.

ಕೆಲಸ ಮುಗಿದ ಮೇಲೆ

ಮೂಲ ಪ್ರತಿ ಕಚೇರಿಗೆ ಕೊಡುವ ಮುನ್ನ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಹಿಂಬದಿಯ ಸೀಲು ಬಿಟ್ಟು ಸ್ಕ್ಯಾನ್ ಮಾಡುವವರೇ ಹೆಚ್ಚು. ಲ್ಯಾಮಿನೇಷನ್ ಮಾಡಿಸಬೇಡಿ. ರಿಜಿಸ್ಟರಿನ ಕ್ರಮಸಂಖ್ಯೆ, ತಾರೀಕು, ನೋಟರಿಯ ಹೆಸರು, ನೋಂದಣಿ ಸಂಖ್ಯೆಗಳನ್ನು ಬೇರೆ ಕಡೆ ಬರೆದಿಡಿ. ಕಾಗದ ಕಳೆದರೆ ಅದೇ ನೋಟರಿಯ ಹತ್ತಿರ ಹೋಗಿ ವಿಚಾರಿಸಲು ಇದೇ ಸುಳಿವು.

ಪವರ್ ಆಫ್ ಅಟಾರ್ನಿ ರದ್ದು ಮಾಡುವುದಾದರೆ ಮನೆಯಲ್ಲಿರುವ ಮೂಲ ಪ್ರತಿ ಹರಿದರೆ ರದ್ದಾಗುವುದಿಲ್ಲ. ರದ್ದತಿ ಪತ್ರ ಮಾಡಿಸಿ, ಅಧಿಕಾರ ಪಡೆದವರಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ, ಆ ಪತ್ರ ಬಳಕೆಯಾಗಬಹುದಾದ ಬ್ಯಾಂಕು, ಸಬ್ ರಿಜಿಸ್ಟ್ರಾರ್ ಕಚೇರಿಗಳಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಮೊದಲನೆಯದು ನೋಂದಣಿ ಆಗಿದ್ದರೆ ರದ್ದತಿಯೂ ನೋಂದಣಿಯೇ ಆಗಬೇಕು.

ನಿಮ್ಮ ಹೆಸರಿನಲ್ಲಿ ನೀವು ಮಾಡದ ಅಫಿಡವಿಟ್ ಎಲ್ಲಾದರೂ ಕಾಣಿಸಿದರೆ ಮೊದಲು ಆ ನೋಟರಿಗೆ ಲಿಖಿತವಾಗಿ ಬರೆದು ರಿಜಿಸ್ಟರಿನ ಆ ನಮೂದಿನ ವಿವರ ಕೇಳಿ. ಫೋರ್ಜರಿಯ ಮಟ್ಟದ್ದಾದರೆ ಪೊಲೀಸ್ ದೂರು ಬೇರೆ. ನೋಟರಿಯ ದುರ್ನಡತೆಯ ಬಗ್ಗೆ ದೂರು ಹೋಗಬೇಕಾದದ್ದು ಅವರನ್ನು ನೇಮಿಸಿದ ಸರಕಾರಕ್ಕೆ: ಕೇಂದ್ರದವರಾದರೆ ದೆಹಲಿಯ ಕಾನೂನು ವ್ಯವಹಾರಗಳ ಇಲಾಖೆಯ ನೋಟರಿ ವಿಭಾಗ, ರಾಜ್ಯದವರಾದರೆ ಬೆಂಗಳೂರಿನ ಕಾನೂನು ಇಲಾಖೆ. ದೂರಿಗೆ ನಿಯಮಗಳಲ್ಲೇ ಒಂದು ನಮೂನೆ ಇದೆ, 13ನೆಯದು. ಯಾರಿಗೆ ಬರೆಯಬೇಕೆಂಬ ಉತ್ತರ ಸೀಲಿನಲ್ಲೇ ಇರುತ್ತದೆ, ನೇಮಿಸಿದ ಸರಕಾರದ ಹೆಸರು ಅದರೊಳಗೆ ಕೆತ್ತಿರಲೇಬೇಕಲ್ಲ.